ವೈಂಡಿಂಗ್ ಅಂಗಡಿಯ ಶಿವಕುಮಾರಿ

ಮಾರ್ಚ್ ತಿಂಗಳು ಬಂತೆಂದರೆ ಅದು ಶಿವಕುಮಾರಿಯ ಬೆನ್ನಿಗೆ ಮೊದಲು ತಿಳಿಯುತ್ತಿತ್ತು. ಕಾಲುವೆಯಲ್ಲಿ ನೀರು ಕಡಿಮೆಯಾಗುತ್ತದೆ, ಬೇಸಿಗೆ ಭತ್ತ ತೆನೆ ಬಿಡುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಪಂಪು ಹಾಕುತ್ತಾರೆ, ಕರೆಂಟು ಸೊರಗುತ್ತದೆ, ಮೋಟರು ಸುಡುತ್ತವೆ. ಸುಟ್ಟ ಮೋಟರುಗಳು ಟಂಟಂ ಗಾಡಿಯಲ್ಲಿ, ಬೈಕಿನ ಹಿಂದಿನ ಸೀಟಿನಲ್ಲಿ, ಗೋಣಿಚೀಲದಲ್ಲಿ ಬಂದು ಮಸ್ಕಿಯ ಲಿಂಗಸುಗೂರು ರಸ್ತೆಯಲ್ಲಿರುವ ಅವಳ ಅಂಗಡಿಯ ಮುಂದೆ ಸಾಲಾಗಿ ಬೀಳುತ್ತವೆ. ಒಳಗೆ ಬಂದವರೆಲ್ಲ ಹೇಳುವ ಮಾತು ಒಂದೇ. ನಾಳೆಗೆ ಬೇಕು.

ಅಂಗಡಿ ಅವಳ ಗಂಡ ಬಸವಲಿಂಗನದು. ಅವನು ಅದನ್ನು ಹಾಕಿ ಇಪ್ಪತ್ತು ವರ್ಷವಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಶಿವಕುಮಾರಿ ಮನೆಯಲ್ಲೇ ಕೂತು ತಾಮ್ರದ ತಂತಿಯನ್ನು ಅಚ್ಚಿಗೆ ಸುತ್ತಿ ಸುರುಳಿ ಮಾಡಿಕೊಡುತ್ತಿದ್ದಳು. ಅದನ್ನು ಮೋಟರಿನೊಳಗೆ ಕೂಡಿಸುವುದು ಅವನ ಕೆಲಸ. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಸವಲಿಂಗನ ಕಣ್ಣಿಗೆ ಇಳಿಯಿತು. ಮೊದಲು ಸಣ್ಣ ತಂತಿ ಕಾಣದಾಯಿತು, ಆಮೇಲೆ ದಪ್ಪ ತಂತಿ, ಆಮೇಲೆ ಎದುರಿಗೆ ನಿಂತ ಮನುಷ್ಯ. ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು. ಅಂಗಡಿಯ ಬಾಗಿಲು ಹದಿನೈದು ದಿನ ಮುಚ್ಚಿತ್ತು. ಹದಿನಾರನೆಯ ದಿನ ಶಿವಕುಮಾರಿ ಸೀರೆಯ ಮೇಲೊಂದು ಗಂಡನ ಹಳೆಯ ಅಂಗಿ ಹಾಕಿಕೊಂಡು ಹೋಗಿ ಬಾಗಿಲು ತೆಗೆದಳು. ಬಸವಲಿಂಗ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದ, ಅವಳು ಕೈಯಲ್ಲಿ ಮಾಡಿದಳು. ಬಂದ ರೈತರು ಅವಳನ್ನು ನೋಡಿ, "ಯಜಮಾನ್ರು ಎಲ್ಲ್ಯಾರ್ರಿ?" ಎಂದು ಕೇಳುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಪ್ರಶ್ನೆ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ನಂದಿನಿ ಬಂದದ್ದು ಎರಡನೆಯ ವರ್ಷ. ಲಿಂಗಸುಗೂರಿನಲ್ಲಿ ಐಟಿಐ ಮುಗಿಸಿದ ಹುಡುಗಿ, ಆಗ ಅವಳಿಗೆ ಇಪ್ಪತ್ತು. ಅಪ್ಪ ವಿರೂಪಾಕ್ಷಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅಣ್ಣನಿಗೂ ನೌಕರಿ. ಮನೆಯವರೆಲ್ಲ ಅವಳೂ ಪರೀಕ್ಷೆ ಬರೆದು ನೌಕರಿ ಹಿಡಿಯಲಿ ಎಂದರೆ ಇವಳು ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಳು.

"ಅಕ್ಕಾರ, ನಾ ಕೆಲಸ ಕಲೀತೀನ್ರಿ."

"ಕೈಯೆಲ್ಲ ವಾರ್ನಿಷ್ ಆಗತೈತಿ, ಹೋಗಂಗಿಲ್ಲ ನೋಡು," ಎಂದಿದ್ದಳು ಶಿವಕುಮಾರಿ.

"ಇರವಲ್ದಾಕ್ರಿ."

ಬಾವಿಯ ಮೋಟರು, ಹಳ್ಳಕ್ಕೆ ಕೂಡಿಸುವ ಮೋಟರು ಬಸವಲಿಂಗನಿಗೆ ಬಾಯಿಪಾಠ. ಬೋರಿನೊಳಗೆ ಇಳಿಸುವ ಉದ್ದನೆಯ ಸಬ್‌ಮರ್ಸಿಬಲ್ ಮಾತ್ರ ಅವನು ಎಂದೂ ಮುಟ್ಟಿದವನಲ್ಲ. ನಂದಿನಿ ಅದನ್ನು ಫೋನಿನಲ್ಲಿ ವಿಡಿಯೋ ನೋಡಿ, ಒಂದು ಕೆಟ್ಟ ಮೋಟರನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿ ಕಲಿತಳು. ಕಲಿತು ಶಿವಕುಮಾರಿಗೂ ಕಲಿಸಿದಳು. ಆ ಕೆಲಸ ಒಬ್ಬರಿಂದ ಆಗುವುದಲ್ಲ. ಮೊಳದುದ್ದದ ಕಬ್ಬಿಣದ ಕೊಳವೆ, ಅದರ ಒಳಗೋಡೆಗೆ ಸುತ್ತಲೂ ಸಣ್ಣ ಸಂದುಗಳು. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಒಬ್ಬರು ಈ ತುದಿಯಿಂದ ತೂರಿಸಬೇಕು, ಇನ್ನೊಬ್ಬರು ಆ ತುದಿಯಿಂದ ಎಳೆದು ಮತ್ತೊಂದು ಸಂದಿನಲ್ಲಿ ತಿರುಗಿ ಕಳಿಸಬೇಕು. ಹೊದಿಕೆ ಒಂದು ಕಡೆ ತರಚಿದರೂ ಮೋಟರು ನೀರಿಗಿಳಿದ ದಿನವೇ ಸುಡುತ್ತದೆ. ಶಿವಕುಮಾರಿ ಈ ಕಡೆ, ನಂದಿನಿ ಆ ಕಡೆ. "ಬಿಡು," "ಹೂಂ," "ಎಳಿ," "ಸಾಕು." ದಿನಕ್ಕೆ ಇನ್ನೂರು ಮುನ್ನೂರು ಸಲ ಇಷ್ಟೇ ಮಾತು. ಹಾಗೆ ನಾಲ್ಕು ವರ್ಷ. ಮುದಗಲ್ಲಿನಿಂದ, ಸಿಂಧನೂರಿನಿಂದಲೂ ಬೋರಿನ ಮೋಟರುಗಳು ಬರತೊಡಗಿದವು. ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದರು.

ಆ ಮಾರ್ಚಿನ ಮೊದಲ ವಾರ ಒಬ್ಬ ಪತ್ರಿಕೆಯವನು ಬಂದ. ಮಹಿಳಾ ದಿನಕ್ಕೆ ದುಡಿದು ಮೇಲೆ ಬಂದ ಹೆಣ್ಣುಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ ಎಂದ. ಬೆಳಗಿನ ಹನ್ನೊಂದು ಗಂಟೆ, ತಗಡಿನ ಮಾಡು ಕಾದು ಕೆಂಡ. ಅಂಗಡಿಯ ಮುಂದೆ ಹನ್ನೊಂದು ಮೋಟರುಗಳಿದ್ದವು, ಮೂವರು ರೈತರು ಬಾಗಿಲಲ್ಲೇ ಕೂತಿದ್ದರು. ನಂದಿನಿ ಹಿಂದಿನ ಕೋಣೆಯಲ್ಲಿ ಸುಟ್ಟ ತಂತಿ ಕಿತ್ತು ತೆಗೆಯುತ್ತಿದ್ದಳು. ಶಿವಕುಮಾರಿ ಕೈ ನಿಲ್ಲಿಸದೆ ಅವನ ಪ್ರಶ್ನೆಗಳಿಗೆಲ್ಲ ಹೂಂ ಅಂದಳು.

"ಯಜಮಾನ್ರಿಗೆ ಕಣ್ಣು ಕಾಣೋದಿಲ್ಲ?"

"ಹೂನ್ರಿ."

"ಅವರ ನಂತರ ಅಂಗಡಿ ಎತ್ತಿ ನಿಲ್ಸಿದ್ದು ನೀವೇ?"

"ಹೂನ್ರಿ."

"ಈ ಬೋರಿನ ಮೋಟರ್ ಕೆಲಸ, ಸುತ್ತಮುತ್ತ ಎಲ್ಲೂ ಇಲ್ಲಂತಲ್ಲ. ಎಲ್ಲಾ ನೀವೊಬ್ಬರೇ?"

ಹೊರಗೆ ಕೂತ ರೈತನೊಬ್ಬ ಎದ್ದು ಬಂದು, "ಅಕ್ಕಾರ, ನಂದು ಯಾವಾಗ್ರಿ?" ಎಂದು ಕೇಳುತ್ತಿದ್ದ. ಶಿವಕುಮಾರಿ ಅವನ ಕಡೆ ನೋಡುತ್ತಲೇ ಪತ್ರಿಕೆಯವನಿಗೆ "ಹೂನ್ರಿ" ಅಂದಳು. ಅಂದದ್ದು ಅವಳಿಗೂ ಕೇಳಿಸಿತು. ತಿದ್ದಬೇಕೆಂದರೆ ಇನ್ನೂ ನಾಲ್ಕು ಮಾತು ಆಡಬೇಕಾಗಿತ್ತು, ಅವನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದ. ಬೇಗ ಹೋದರೆ ಸಾಕಾಗಿತ್ತು. ಅವನು ಒಂದು ಫೋಟೋ ಬೇಕೆಂದ. ನಂದಿನಿ ಮಸಿ ಕೈಯಲ್ಲೇ ಬಂದು ಕೊಳವೆಯ ಆ ತುದಿ ಹಿಡಿದುಕೊಂಡು ನಿಂತಳು.

ಮಹಿಳಾ ದಿನದಂದು ಪತ್ರಿಕೆ ಬಂತು. ಬಸವಲಿಂಗನಿಗೆ ದಿನಾ ಬೆಳಿಗ್ಗೆ ಪತ್ರಿಕೆ ಓದಿ ಹೇಳುವವಳು ನಂದಿನಿಯೇ. ಅಂದೂ ಓದಿದಳು. 'ಏಕಾಂಗಿಯಾಗಿ ಗೆದ್ದ ಮಸ್ಕಿಯ ಮಹಿಳೆ' ಎಂಬ ತಲೆಬರಹದಿಂದ ಹಿಡಿದು ಕೊನೆಯ ಸಾಲಿನವರೆಗೆ ಒಂದೇ ದನಿಯಲ್ಲಿ ಓದಿ ಮುಗಿಸಿದಳು. ಫೋಟೋದ ಕೆಳಗಿನ ಸಾಲನ್ನೂ ಬಿಡಲಿಲ್ಲ. "ಸಹಾಯಕಿಯೊಂದಿಗೆ ಶಿವಕುಮಾರಿ."

ಬಸವಲಿಂಗ ತಲೆ ಮೇಲೆತ್ತಿದ. "ಸಹಾಯಕಿ ಅಂದ್ರ ಯಾರು?"

"ನಾನರಿ," ಎಂದು ನಂದಿನಿ ಪತ್ರಿಕೆ ಮಡಚಿಟ್ಟು ಕೆಲಸಕ್ಕೆ ಹೋದಳು.

ಶಿವಕುಮಾರಿ ಆ ಹೊತ್ತಿಗೆ ಏನಾದರೂ ಹೇಳಬಹುದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳೋಣ ಅಂದುಕೊಂಡಳು. ಊಟಕ್ಕೆ ಕೂತದ್ದು ನಾಲ್ಕು ಗಂಟೆಗೆ, ಅದೂ ಒಬ್ಬೊಬ್ಬರೇ. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನಕ್ಕೆ ಮಾತು ಹಳೆಯದಾಗಿಬಿಟ್ಟಿತ್ತು.

ಹತ್ತು ದಿನ ಬಿಟ್ಟು ಒಂದು ಸಂಜೆ, ಕೈಗೆ ಸೀಮೆಎಣ್ಣೆ ಹಚ್ಚಿ ವಾರ್ನಿಷ್ ಉಜ್ಜುತ್ತ ನಂದಿನಿ ಹೇಳಿದಳು.

"ಅಕ್ಕಾರ, ಯುಗಾದಿ ಆದ್ಮ್ಯಾಲೆ ನಾ ಬರಂಗಿಲ್ರಿ."

"ಯಾಕ? ಪರೀಕ್ಷಿ ಬರೀತಿಯೇನು? ಕಡೀಕೂ ನಿಮ್ಮಪ್ಪ ಗೆದ್ನಲ್ಲ."

"ಇಲ್ರಿ. ಸಿಂಧನೂರಾಗ ಗಂಗಾವತಿ ರೋಡಿಗೆ ಒಂದು ಮಳಗಿ ಹಿಡದೀನಿ. ನಂದ ಅಂಗಡಿ ಹಾಕ್ತೀನಿ."

ಶಿವಕುಮಾರಿಗೆ ಮೊದಲು ಬಂದದ್ದು ಸಿಟ್ಟಲ್ಲ. ಕೊಳವೆಯ ಆ ತುದಿಯಲ್ಲಿ ನಾಳೆ ಯಾರು ಎಂಬ ಯೋಚನೆ. ಅದರ ಹಿಂದೆಯೇ ಸಿಟ್ಟು ಬಂತು.

"ನಾಕು ವರ್ಷ ಕಲಿಸೀನಿ ನಿನಗ."

"ಕಲಿಸೀರಿ. ಇಲ್ಲಂದ್ರ ನಾ ಅಂಗಡಿ ಹಾಕಾಕ ಆಗತಿದ್ದಿಲ್ಲ." ನಂದಿನಿ ಕೈ ಒರೆಸಿಕೊಂಡಳು. "ನಾನೂ ಒಂದೀಟು ಕಲಿಸೀನ್ರಿ ನಿಮಗ."

"ಪೇಪರಿನ್ಯಾಗ ಬಂದಿದ್ದಕ್ಕ ಸಿಟ್ಟೇನು? ಅವ ಏನೋ ಬರಕೊಂಡು ಹೋದ, ನಾ ಅವಗ ಹಿಂಗ ಬರಿ ಅಂದ್ನಾ?"

"ಅವನ ಮ್ಯಾಲೆ ನಂಗ್ಯಾಕ ಸಿಟ್ಟು ಬರತೈತ್ರಿ. ನಾ ಯಾರಂತ ಅವಗ ಗೊತ್ತಿಲ್ಲ. ನಿಮಗ ಗೊತ್ತಿತ್ತು."

ಜಗಳವಾಗಲಿಲ್ಲ. ಇಬ್ಬರಿಗೂ ಜಗಳವಾಡುವಷ್ಟು ತ್ರಾಣ ಉಳಿದಿರಲಿಲ್ಲ. ಹೋಗುವ ದಿನ ನಂದಿನಿ ಬಸವಲಿಂಗನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ತಂತಿ ಒತ್ತುವ ತನ್ನ ಬಿದಿರಿನ ಕಡ್ಡಿ, ಕತ್ತರಿ ಚೀಲಕ್ಕೆ ಹಾಕಿಕೊಂಡಳು. ಶಿವಕುಮಾರಿ ಒಂದು ಮೋಟರಿನ ಮೇಲೆ ಬಾಗಿದ್ದವಳು ಬಾಗಿಕೊಂಡೇ ಇದ್ದಳು.

ಅಲ್ಲಿಂದ ಮುಂದೆ ಶಿವಕುಮಾರಿ ದಣಿದದ್ದು ಕೆಲಸ ಹೆಚ್ಚಾಗಿ ಅಲ್ಲ, ಕೊಳವೆಯ ಆ ತುದಿ ಹಿಡಿಯುವ ಕೈಯಿಲ್ಲದೆ. ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಳು. ಒಬ್ಬಳು ತಿಂಗಳಿಗೆ ಬಿಟ್ಟಳು, ಇನ್ನೊಬ್ಬಳಿಗೆ ಮದುವೆ ಗೊತ್ತಾಯಿತು. ಬೋರಿನ ಮೋಟರು ಬಂದಾಗ ಬಸವಲಿಂಗ, "ಕಣ್ಣು ಯಾಕ ಬೇಕು ಇದಕ್ಕ, ಕೈ ಸಾಕು," ಎಂದು ತಾನೇ ಆ ತುದಿಗೆ ಕೂತ. ಅವನ ಬೆರಳಿಗೆ ಸಂದುಗಳು ತಿಳಿಯುತ್ತಿದ್ದವು, ತಂತಿಯ ಬಿಗಿ ತಿಳಿಯುತ್ತಿರಲಿಲ್ಲ. ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದಿತ್ತು. ಜೋರಾಗಿ ಎಳೆದುಬಿಡುತ್ತಿದ್ದ, ಹೊದಿಕೆ ತರಚುತ್ತಿತ್ತು. ಎರಡು ಮೋಟರು ವಾಪಸು ಬಂದಮೇಲೆ ಅವನು ತಾನಾಗಿಯೇ ಎದ್ದು ಬಾಗಿಲ ಹತ್ತಿರದ ತನ್ನ ಕುರ್ಚಿಗೆ ಹೋದ. ಅಲ್ಲಿ ರೇಡಿಯೋ ಹಚ್ಚಿಕೊಂಡ.

ಬೇಸಿಗೆ ಹೀಗೆ ಕಳೆಯಿತು. ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟು, ನಾಟಿ ಜೋರಾಗಿದ್ದಾಗ ವಳಕಮದಿನ್ನಿಯ ಅಮರಗುಂಡಪ್ಪ ತನ್ನ ಗೂಡ್ಸ್ ಗಾಡಿಯಲ್ಲಿ ಒಂದು ಸಬ್‌ಮರ್ಸಿಬಲ್ ತಂದ. ಹತ್ತು ವರ್ಷದ ಗಿರಾಕಿ, ಗಂಡನ ಕಾಲದಿಂದ ಬರುವವನು. ಊರು ಸಿಂಧನೂರಿಗೆ ಹತ್ತಿರವಿದ್ದರೂ ಮಸ್ಕಿಗೇ ಬರುತ್ತಿದ್ದ. ಶಿವಕುಮಾರಿ ಅದನ್ನು ಇಳಿಸಗೊಡಲಿಲ್ಲ.

"ಅಣ್ಣಾರ, ಇದು ಈಗ ಇಲ್ಲಿ ಆಗಂಗಿಲ್ರಿ. ನಂದಿನಿ ಹತ್ರ ಒಯ್ರಿ."

"ಅಲ್ಲಿ ಹೋಗಿದ್ದೆ ಹಿಂದಿನ ಸಲ, ನಿಮಗ ಹೇಳಲಿಲ್ಲ," ಎಂದ ಅಮರಗುಂಡಪ್ಪ ಸ್ವಲ್ಪ ಸಂಕೋಚದಿಂದ. "ಹುಡುಗಿ ಛಲೋ ಮಾಡ್ತಾಳ. ಎಲ್ಲಿ ಕಲತಿ ತಂಗಿ ಅಂದೆ. ಮಸ್ಕಿ ಶಿವಕುಮಾರಿ ಅಕ್ಕಾರ ಹತ್ರ ಅಂದ್ಲು. ಬಂದವರಿಗೆಲ್ಲ ಹಂಗ ಹೇಳ್ತಾಳಂತ."

ಶಿವಕುಮಾರಿ ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟಳು. ಮೇಲೆ ಹಾಕಿಕೊಂಡಿದ್ದ ಅಂಗಿಯ ಗುಂಡಿ ಬಿಚ್ಚತೊಡಗಿದಳು.

"ಗಾಡಿಯಾಗ ಜಾಗ ಐತೇನ್ರಿ? ನಾನೂ ಬರ್ತೀನಿ."

ಬಸವಲಿಂಗ ಕುರ್ಚಿಯಿಂದಲೇ, "ಹೋಗಿ ಬಾ. ಅಂಗಡಿ ನಾ ನೋಡ್ತೀನಿ," ಎಂದ.

ದಾರಿಯುದ್ದಕ್ಕೂ ಎರಡೂ ಬದಿ ಕೆಸರುಗದ್ದೆ, ಬಾಗಿದ ಹೆಂಗಸರ ಸಾಲು. ಅಮರಗುಂಡಪ್ಪ ಗೊಬ್ಬರದ ಬಗ್ಗೆ ಏನೋ ಹೇಳುತ್ತಿದ್ದ. ಶಿವಕುಮಾರಿ ಏನು ಮಾತಾಡುವುದೆಂದು ಯೋಚಿಸುತ್ತ ಹೋದಳು. ಸಿಂಧನೂರು ಬಂದರೂ ಒಂದು ಮಾತೂ ಸರಿಯಾಗಿ ಕೂಡಿರಲಿಲ್ಲ.

ಅಂಗಡಿ ಸಣ್ಣದು. ಮುಂದೆ ಏಳೆಂಟು ಮಂದಿ ಗುಂಪಾಗಿ ನಿಂತಿದ್ದರು, ನಡುವೆ ಒಬ್ಬ ಮೈಯೆಲ್ಲ ಕೆಸರು ಮಾಡಿಕೊಂಡು ಬಂದವನು ದನಿ ಎತ್ತಿದ್ದ. ದಢೇಸುಗೂರಿನ ಹುಲಿಗೇಶ ಅಂತ ಆಮೇಲೆ ಗೊತ್ತಾಯಿತು. ಅವನ ಮೋಟರು ನೆಲದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

"ಎರಡು ದಿವಸಕ್ಕ ಸುಟ್ಟೈತಿ. ತಾಮ್ರ ಅಂತ ಹೇಳಿ ಅಲುಮಿನಿ ತಂತಿ ಸುತ್ತೀಯ. ಹೆಣ್ಣುಮಗಳು ಅಂತ ನಂಬಿ ಬಂದ್ರ ಹಿಂಗ ಮಾಡಾದಾ? ನಾಟಿ ಅರ್ಧಕ್ಕ ನಿಂತೈತಿ ನಂದು."

ನಂದಿನಿ ಒಳಗೆ ನಿಂತಿದ್ದಳು, ಸೊರಗಿದ್ದಳು. ಅವಳ ಹಿಂದೆ ನಡುವಯಸ್ಸಿನ ಇನ್ನೊಬ್ಬ ಹೆಂಗಸು ಕೊಳವೆಯ ತುದಿ ಹಿಡಿದು ಕೂತಿದ್ದಳು. ಶಿವಕುಮಾರಿಯನ್ನು ಕಂಡು ನಂದಿನಿಯ ಮುಖದಲ್ಲಿ ಏನೋ ಬಂದು ಹೋಯಿತು.

ಶಿವಕುಮಾರಿ ಗುಂಪನ್ನು ಸರಿಸಿಕೊಂಡು ಹೋಗಿ ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಸುರುಳಿಯ ತಂತಿಯನ್ನು ಉಗುರಿನಿಂದ ಕೆರೆದಳು. ಕೆಂಪಗೆ ತಾಮ್ರ ಹೊಳೆಯಿತು.

"ಇಲ್ಲಿ ಬರ್ರಿ ಅಣ್ಣಾ, ನೋಡ್ರಿ. ಇದು ಅಲುಮಿನಿ ಬಣ್ಣ ಏನ್ರಿ?" ಹುಲಿಗೇಶ ಬಾಗಿದ. "ಈಗ ಈ ಮೂರು ಸಾಲು ನೋಡ್ರಿ. ಮೂರು ಫೇಸಿಂದು. ಎರಡು ಕರ್ರಗ ಇದ್ದಿಲಿ ಆಗ್ಯಾವ, ಒಂದು ಹೊಸಾದಿದ್ದಂಗ ಐತಿ. ಕೆಲಸ ಕೆಟ್ಟಿದ್ರ ಹಿಂಗ ಸುಡಂಗಿಲ್ಲ. ಲೈನಿನ್ಯಾಗ ಒಂದು ಫೇಸ್ ಹೋಗೈತಿ, ಮೋಟರ್ ಎರಡರ ಮ್ಯಾಲೆ ತಿರಗೈತಿ. ಒಂದು ಫೇಸ್ ಹೋದ್ರ ಮೋಟರ್ ಬಂದ್ ಮಾಡೋ ಪ್ರಿವೆಂಟರ್ ನಿಮ್ಮ ಸ್ಟಾರ್ಟರಿನ್ಯಾಗ ಐತೋ ಇಲ್ಲೋ?"

ಹುಲಿಗೇಶ ಕೈಗಂಟಿದ ಕೆಸರು ಉಜ್ಜತೊಡಗಿದ. ಗುಂಪಿನಲ್ಲಿ ಯಾರೋ ನಕ್ಕರು.

"ಪದೇ ಪದೇ ಬಂದ್ ಆಗತೈತಿ ಅಂತ ತಗದು ಇಟ್ಟೀವ್ರಿ," ಎಂದ ಅವನು ಕೊನೆಗೆ. ದನಿ ಇಳಿದಿತ್ತು. "ನೀವ್ಯಾರ್ರಿ?"

ಶಿವಕುಮಾರಿ ಎದ್ದಳು. ಮೊಣಕಾಲು ಚಟ್ ಅಂದಿತು. ದಾರಿಯಲ್ಲಿ ಕೂಡದ ಮಾತು ಈಗಲೂ ಪೂರ್ತಿ ಕೂಡಲಿಲ್ಲ, ಆದರೂ ಹೇಳಿದಳು.

"ಮಸ್ಕ್ಯಾಗ ನಮ್ಮದೂ ಅಂಗಡಿ ಐತ್ರಿ. ನಾಕು ವರ್ಷ ನಾವಿಬ್ರೂ ಕೂಡಿ ನಡಿಸೀವಿ. ಬೋರಿನ ಮೋಟರ್ ಕೆಲಸ ನನಗ ಕಲಿಸಿದಾಕಿ ಈಕಿನ."

ಗುಂಪು ಚದುರಿತು. ಹುಲಿಗೇಶ ಪ್ರಿವೆಂಟರ್ ಹಾಕಿಸುತ್ತೇನೆಂದು ಒಪ್ಪಿ, ಮೋಟರು ಮತ್ತೆ ಕಟ್ಟಲು ಬಿಟ್ಟು ಹೋದ. ಅಮರಗುಂಡಪ್ಪ ತನ್ನದನ್ನು ಇಳಿಸಿ ಊರಿಗೆ ಹೊರಟ. ಆಮೇಲೆ ಅಂಗಡಿಯಲ್ಲಿ ಮೂವರೇ ಹೆಂಗಸರು ಉಳಿದರು.

"ಈಕಿ ಪೀರ್‌ಬೀ ಅಕ್ಕ," ಎಂದಳು ನಂದಿನಿ. "ಕೆಲಸ ನಾವಿಬ್ರೂ ಮಾಡ್ತೀವಿ." ಪೀರ್‌ಬೀ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಕ್ಕು, ಚಹಾ ತರಲು ಹೊರಗೆ ಹೋದಳು.

ನಂದಿನಿ ಒಂದು ತಗಡಿನ ಡಬ್ಬಿಯ ಮೇಲೆ ಕೂತಳು. ಬೆಳಗಿನಿಂದ ನಿಂತೇ ಇದ್ದಳೆಂದು ಕಾಣುತ್ತಿತ್ತು.

"ಮುಂಜಾನಿಂದ ಅವಗ ಅದನ್ನ ಮೂರು ಸಲ ಹೇಳೀನ್ರಿ ನಾ. ತಂತಿ ಕೆರದು ತೋರಿಸೀನಿ. ಫೇಸ್ ತೋರಿಸೀನಿ. ನಂಬಲಿಲ್ಲ. ನೀವು ಒಂದು ಸಲ ಹೇಳಿದ್ರಿ, ನಂಬಿದ."

"ನನ್ನ ಕೂದಲು ಬೆಳ್ಳಗಾಗ್ಯಾವಲ್ಲ, ಅದಕ್ಕ," ಎಂದಳು ಶಿವಕುಮಾರಿ. "ನನ್ನ ಮಾತೂ ನಂಬ್ತಿದ್ದಿಲ್ಲ ಮೊದಲ."

"ನನಗ ಅಷ್ಟು ವರ್ಷ ಕಾಯಾಕ ಆಗಂಗಿಲ್ರಿ. ಈಗ ದಣದೀನಿ."

ಇಪ್ಪತ್ನಾಲ್ಕು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ಶಿವಕುಮಾರಿ ಪಕ್ಕದಲ್ಲಿ ಇನ್ನೊಂದು ಡಬ್ಬಿ ಎಳೆದುಕೊಂಡು ಕೂತಳು. ರಸ್ತೆಯಲ್ಲಿ ಸಸಿಯ ಕಟ್ಟು ಹೊತ್ತ ಟ್ರ್ಯಾಕ್ಟರು ನೀರು ಸುರಿಸುತ್ತ ಹೋಯಿತು.

"ಅವತ್ತು ನಾ ಹೂಂ ಅನ್ನಬಾರದಿತ್ತು," ಎಂದಳು ಶಿವಕುಮಾರಿ.

"ಹೂನ್ರಿ," ಎಂದಳು ನಂದಿನಿ. ಪರವಾಗಿಲ್ಲ ಎನ್ನಲಿಲ್ಲ.

ಚಹಾ ಬಂತು. ಮೂವರೂ ಕುಡಿದರು. ಚಹಾ ಮುಗಿಯುವ ಹೊತ್ತಿಗೆ ಮಾತು ಕೆಲಸಕ್ಕೆ ಹೊರಳಿತ್ತು. ನಂದಿನಿಯೇ ತೆಗೆದಳು. "ಮಸ್ಕಿಗೆ ಬರೋ ಬೋರಿನ ಮೋಟರ್ ಇಲ್ಲಿ ಕಳಸ್ರಿ. ಬಿಲ್ಲಿನ ಚೀಟಿ ಮಾತ್ರ ನನ್ನ ಅಂಗಡಿದ ಇರತೈತಿ, ಗ್ಯಾರಂಟಿನೂ ನಂದ. ನನಗ ಹಳ್ಳದ ಮೋಟರಿನ ಸುರುಳಿ ಸುತ್ತಾಕ ಹೊತ್ತು ಸಾಲವಲ್ದು. ನೀವು ಸುತ್ತಿ ಬಸ್ಸಿಗೆ ಹಾಕಿದ್ರ ನಾ ಇಲ್ಲಿ ಇಳಿಸ್ಕೊಂತೀನಿ."

"ನಿಮ್ಮಣ್ಣಾರು ಕುಂತಲ್ಲೇ ಸುತ್ತತಾರ," ಎಂದಳು ಶಿವಕುಮಾರಿ, ಬಸವಲಿಂಗನನ್ನು ನೆನೆದು. "ಅಚ್ಚು ಇದ್ರ ಅದಕ್ಕ ಕಣ್ಣೂ ಬ್ಯಾಡ, ಬಿಗಿನೂ ಬ್ಯಾಡ. ನನಗ ಇದು ಮೊದಲ ಹೊಳೀಬೇಕಿತ್ತು."

ನಂದಿನಿ ಮೊದಲ ಸಲ ಅವಳ ಕಡೆ ನೇರವಾಗಿ ನೋಡಿದಳು. "ಅಣ್ಣಾರಿಗೆ ಪೇಪರ್ ಯಾರು ಓದ್ತಾರ್ರಿ ಈಗ?"

"ಯಾರೂ ಓದಂಗಿಲ್ಲ. ರೇಡಿಯೋ ಹಚ್ಕೊಂಡು ಕುಂದರ್ತಾರ."

ಹೊರಡುವ ಮೊದಲು ಶಿವಕುಮಾರಿ ಅಮರಗುಂಡಪ್ಪನ ಮೋಟರಿನ ಒಂದು ತುದಿಗೆ ಕೂತಳು, ನಂದಿನಿ ಇನ್ನೊಂದು ತುದಿಗೆ. ಪೀರ್‌ಬೀ ನೋಡಲೆಂದು ಪಕ್ಕದಲ್ಲಿ ಕೂತಳು. ಒಂದು ಸಾಲು ಮುಗಿಯುವವರೆಗೆ ಯಾರೂ ಬೇರೆ ಮಾತಾಡಲಿಲ್ಲ.

ನಾಲ್ಕೂವರೆಯ ಲಿಂಗಸುಗೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶಿವಕುಮಾರಿ ಆಧಾರ್ ಕಾರ್ಡು ತೋರಿಸಿ ಮಸ್ಕಿಗೆ ಚೀಟಿ ತೆಗೆದುಕೊಂಡಳು, ತಲೆಯನ್ನು ಕಿಟಕಿಯ ಸರಳಿಗೆ ಆನಿಸಿದಳು. ಸಿಂಧನೂರು ದಾಟಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಅಮ್ಮಾರ, ಏಳ್ರಿ. ಲಿಂಗಸುಗೂರ ಬಂತು." ಕಂಡಕ್ಟರು ಮೇಲೆ ನಿಂತಿದ್ದ. "ಮಸ್ಕ್ಯಾಗ ಎರಡು ಸಲ ಕೂಗಿದ್ನಲ್ರಿ. ಏಳಲೇ ಇಲ್ಲ ನೀವು."

ಬಸ್ಸು ಖಾಲಿಯಾಗಿತ್ತು. ಇಳಿದು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು.

"ಎಲ್ಲಿದ್ದಿ?"

"ಲಿಂಗಸುಗೂರಾಗ."

"ಅಲ್ಲ್ಯಾಕ ಹೋದಿ?"

"ನಿದ್ದಿ ಹತ್ತಿತ್ರಿ."

ಆ ಕಡೆ ಬಸವಲಿಂಗನ ರೇಡಿಯೋದ ದನಿ ಸಣ್ಣದಾಯಿತು. "ಹುಡುಗಿ ಮಾತಾಡ್ಸಿದ್ಲಾ?"

"ಮಾತಾಡ್ಸಿದ್ಲು. ನಿಮಗ ಕೆಲಸ ಕಳಸ್ತಾಳಂತ. ಬಂದು ಹೇಳ್ತೀನಿ."

"ಅವಸರ ಮಾಡಬ್ಯಾಡ, ಕುಂದರು ಒಂಚೂರು. ಹುಡುಗ್ರು ಶಾಲಿಂದ ಬಂದಾರ, ಅವಲಕ್ಕಿ ತಿಂದಾರ. ಇಲ್ಲೇನೂ ಆಗಿಲ್ಲ."

ಅವಳು ಕೂತಳು. ಎದುರಿನ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಎರಡು ಮಿರ್ಚಿ, ಒಂದು ಚಹಾ ತರಿಸಿಕೊಂಡು ನಿಧಾನವಾಗಿ ತಿಂದಳು. ಶಾಲೆ ಕಾಲೇಜು ಬಿಟ್ಟ ಹುಡುಗಿಯರು ಗಲಾಟೆ ಮಾಡುತ್ತ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಮಸ್ಕಿಯ ಬಸ್ಸು ಬಂದು ನಿಂತಿತು, ಹುಡುಗಿಯರು ನುಗ್ಗಿದರು, ಒಳಗೆ ಜಾಗವೂ ಇತ್ತು. ಶಿವಕುಮಾರಿ ಅದರ ಬೋರ್ಡು ಓದಿದಳು. ಅರ್ಧ ಗಂಟೆಗೆ ಇನ್ನೊಂದು ಬಸ್ಸು ಇದೆ ಎಂದು ಅವಳಿಗೆ ಗೊತ್ತಿತ್ತು. ಕಾಲನ್ನು ಚಪ್ಪಲಿಯಿಂದ ಹೊರತೆಗೆದು ಬೆಂಚಿನ ಮೇಲೆ ಮಡಚಿಕೊಂಡು ಕೂತಳು, ಬಸ್ಸು ಹೋಗಲು ಬಿಟ್ಟಳು.